ಕ್ಯಾಂಟೀನ್ ಟೆಂಪೋದ ತಾಯವ್ವ

ಮುಧೋಳದ ತಾಯವ್ವನಿಗೆ ಏನು ಕೆಲಸ ಎಂದು ಅವಳ ಓಣಿಯಲ್ಲಿ ಯಾರನ್ನಾದರೂ ಕೇಳಿ ನೋಡಿ. "ಆಕೀಗೇನ್ರಿ, ತಿಂಗಳಿಗೊಮ್ಮೆ ಬೆಳಗಾವಿಗೆ ಹೋಗಿ ಮಿಲಿಟರಿ ಕ್ಯಾಂಟೀನಿಂದ ಸೋಪು-ಎಣ್ಣಿ ತರ್ತಾಳ" ಅನ್ನುತ್ತಾರೆ. ಸುಳ್ಳಲ್ಲ. ಹವಾಲ್ದಾರನಾಗಿದ್ದ ಗಂಡ ತೀರಿಕೊಂಡ ಮೇಲೆ ಕ್ಯಾಂಟೀನ್ ಕಾರ್ಡು ಅವಳ ಹೆಸರಿಗೆ ಬಂದಿತ್ತು. ಆದರೆ ಸೋಪು ಬರೀ ನೆಪ. ಊರಿನ ಮಹಿಳಾ ಸಹಾಯ ಕೇಂದ್ರದಲ್ಲಿ ಅವಳು ಕೆಲಸಕ್ಕಿದ್ದಳು. ಗಂಡನಿಂದ ಹೊಡೆತ ತಿನ್ನುವ ಹೆಂಗಸರ ಜೊತೆ ಠಾಣೆಗೆ, ಆಸ್ಪತ್ರೆಗೆ, ಕೋರ್ಟಿಗೆ ಹೋಗಿ ಅವರ ಪರವಾಗಿ ಮಾತಾಡುವುದು ಅವಳ ಕೆಲಸ. ಸೈನಿಕರ ಮನೆಯ ಗೋಳು ಬಂತೆಂದರೆ ಕೇಂದ್ರದವರೆಲ್ಲ ಅವಳ ಕಡೆಗೇ ಕೈ ತೋರಿಸುತ್ತಿದ್ದರು.

ಸೈನಿಕರ ಹೆಂಡಂದಿರು ಮಾತ್ರ ಕೇಂದ್ರದ ಮೆಟ್ಟಿಲು ಹತ್ತುತ್ತಿರಲಿಲ್ಲ. ಹತ್ತಿದರೆ ಸಂಜೆಯೊಳಗೆ ಊರ ತುಂಬ ಸುದ್ದಿ. ಅದಕ್ಕೆ ತಾಯವ್ವ ಅವರಿದ್ದಲ್ಲಿಗೇ ಹೋದಳು. ಮುಧೋಳ, ಮಹಾಲಿಂಗಪುರದ ಕಡೆಯ ಹೆಂಗಸರು ಕೂಡಿ ಪಾಂಡಪ್ಪನ ಟೆಂಪೋ ಹಿಡಿದು ಕ್ಯಾಂಟೀನಿಗೆ ಹೋಗುತ್ತಿದ್ದರು. ಟೆಂಪೋದಲ್ಲಿ ಅತ್ತೆಯಿಲ್ಲ, ಮಾವನಿಲ್ಲ. ಮನಸ್ಸು ಬಿಚ್ಚಲು ಅವರಿಗಿದ್ದ ಜಾಗ ಅದೊಂದೇ.

ಸೈನಿಕನ ಮನೆಯ ಜಗಳ ಸೂಟಿಯ, ಅಂದರೆ ರಜೆಯ ಜೊತೆ ಬರುತ್ತದೆ, ಸೂಟಿಯ ಜೊತೆ ಹೋಗುತ್ತದೆ. ಅರ್ಜಿ ಬರೆಯುವ ಹೊತ್ತಿಗೆ ಗಂಡ ರೈಲು ಹತ್ತಿರುತ್ತಾನೆ. "ಹೋದನಲ್ಲ, ಬಿಡವಾ" ಅನ್ನುತ್ತಾರೆ ಹಿರಿಯರು. "ದೇಶಾ ಕಾಯೋ ಮನಷ್ಯಾ ರೀ ಅಂವ" ಅನ್ನುತ್ತಾರೆ ಠಾಣೆಯವರು. "ಗಡಿ ಕಾಯ್ತಾನ ಖರೆ ಸಾಹೇಬ್ರ, ಅವನ ಕೈಯಿಂದ ಮನಿ ಯಾರ್ ಕಾಯಬೇಕ್ರಿ?" ಎಂದು ಮೊದಮೊದಲು ತಾಯವ್ವ ಕೇಳುತ್ತಿದ್ದಳು. ವರ್ಷಗಳು ಕಳೆದಂತೆ ಕೇಳುವ ಕಸುವೂ ಉಳಿಯಲಿಲ್ಲ. ಸುಮ್ಮನೆ ಕುರ್ಚಿ ಎಳೆದುಕೊಂಡು ಕೂತುಬಿಡುತ್ತಿದ್ದಳು. ಈಕೆಯನ್ನು ಎಬ್ಬಿಸುವುದಕ್ಕಿಂತ ಅರ್ಜಿ ತೆಗೆದುಕೊಳ್ಳುವುದೇ ಸುಲಭ ಎಂದು ಠಾಣೆಯವರಿಗೂ ಗೊತ್ತಾಗಿತ್ತು.

ಇನ್ನೊಂದು ತೊಡಕು ಹೆಸರಿನದು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಲೇಬೇಕಾದರೆ ಒಡಪು ಕಟ್ಟಿ, ಪ್ರಾಸದ ನಡುವೆ ಹೆಸರು ತೂರಿಸಬೇಕು. ಹೊಡೆದವರು ಯಾರೆಂದು ಕೇಳಿದರೆ "ಮನಿಯವ್ರು" ಎಂದು ತಲೆ ತಗ್ಗಿಸುತ್ತಾರೆ. ಅರ್ಜಿಯಲ್ಲಿ "ಮನಿಯವ್ರು" ಎಂದು ಬರೆದರೆ ನಡೆಯುತ್ತದೆಯೇ? ಅದಕ್ಕೆಂದೇ ತಾಯವ್ವ ಟೆಂಪೋದಲ್ಲಿ ಒಡಪಿನ ಆಟ ಹಚ್ಚಿದಳು. ನಾಲಿಗೆಯಾದರೂ ಸಡಿಲವಾಗಲಿ ಎಂದು.

ಎರಡು ಸಾವಿರದ ಎಂಟರ ಶ್ರಾವಣ. ಟೆಂಪೋ ಮಹಾಲಿಂಗಪುರ ದಾಟಿತ್ತು.

"ಪಾಂಡಪ್ಪಾ, ಹಾಡು ಜೋರ್ ಹಚ್ಚೊ. ನಮ್ಮ ಮಾತು ನಿನ್ನ ಕಿವ್ಯಾಗ ಬೀಳಬಾರ್ದು."

"ನಿಮ್ಮ ಮಾತು ಕೇಳಿದ್ರ ಗಾಡಿ ಗಟಾರಕ್ಕ ಬೀಳ್ತೈತ್ರಿ ಯಕ್ಕಾ, ನನಗ್ಯಾಕ್ ಬೇಕು!"

ಮುದುಕಿ ಶಂಕ್ರೆವ್ವ ಗಂಟಲು ಸರಿಮಾಡಿಕೊಂಡಳು. "ಮಾಲಿಂಗಪುರದ ಬೆಲ್ಲ ಸವಿ, ಬನಹಟ್ಟಿ ಸೀರಿ ಅಂಚು, ಸಾತಪ್ಪನವರ ಸಿಟ್ಟು ಮಾತ್ರ ಮಳಿಗಾಲದ ಮಿಂಚು!"

"ಈ ವಯಸ್ಸಿನ್ಯಾಗೂ ಮಿಂಚತಾರೇನ ಆಯಿ?" ಎಂದು ಯಾರೋ ಕೆಣಕಿದರು. ಟೆಂಪೋ ತುಂಬ ನಗು.

ಸರದಿ ಸುವರ್ಣಾಳಿಗೆ ಬಂತು. ಮುಧೋಳದ ಪಕ್ಕದ ಹಳ್ಳಿಯವಳು, ನಾಯಕ್ ದರ್ಜೆಯ ಸೈನಿಕನ ಹೆಂಡತಿ, ಒಂದು ಮಗುವಿನ ತಾಯಿ. ಗಂಡ ಸೂಟಿ ಮುಗಿಸಿ ಹೋಗಿ ವಾರವಾಗಿತ್ತು. ಮುಂಗೈಯ ಗಾಯಕ್ಕೆ "ಬಚ್ಚಲದಾಗ ಜಾರಿ ಬಿದ್ನಿ" ಎಂದು ಅವಳಾಗಲೇ ಎಲ್ಲರಿಗೂ ಹೇಳಿ ಮುಗಿಸಿದ್ದಳು. ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು:

"ಹಬ್ಬಕ್ಕ ಇಟ್ಕೊಂಡಿದ್ನಿ ಹಸಿರು ಬಳಿ ಎರಡೂ ಕೈ ತುಂಬ, ಜ್ಞಾನೇಶ್ವರರು ಸೂಟಿಗೆ ಬಂದ್ರು, ಚೂರು ಬಿದ್ದಾವು ಮನಿ ತುಂಬ."

ಪಾಂಡಪ್ಪನ ಹಾಡೊಂದೇ ಒದರುತ್ತಿತ್ತು. ತಾಯವ್ವನ ಪಕ್ಕ ಕೂತಿದ್ದ ಶಂಕ್ರೆವ್ವ ಎದ್ದು, ತನ್ನ ಜಾಗ ಸುವರ್ಣಾಳಿಗೆ ಬಿಟ್ಟುಕೊಟ್ಟಳು.

ದಸರೆಯ ಹೊತ್ತಿಗೆ ಸುದ್ದಿ ಬಂತು. ಜ್ಞಾನೇಶ್ವರನಿಗೆ ಝಾನ್ಸಿಯಲ್ಲಿ ಫ್ಯಾಮಿಲಿ ಕ್ವಾರ್ಟರ್ಸ್ ಸಿಕ್ಕಿದೆ, ಮುಂದಿನ ಸೂಟಿಗೆ ಬಂದವನು ಹೆಂಡತಿ ಮಗುವನ್ನು ಕರೆದುಕೊಂಡು ಹೋಗುತ್ತಾನೆ. ಸೈನಿಕನ ಹೆಂಡತಿಗೆ ಇದಕ್ಕಿಂತ ದೊಡ್ಡ ಭಾಗ್ಯವಿಲ್ಲ ಎಂದು ಅತ್ತೆ ಓಣಿಗೆಲ್ಲ ಪೇಢೆ ಹಂಚಿದಳು. ತಾಯವ್ವನಿಗೆ ಮಾತ್ರ ಹಳೆಯದೊಂದು ನೆನಪಾಯಿತು. ಹಿಂದೆ ಹೀಗೇ ಒಬ್ಬಳನ್ನು ಪಂಜಾಬಿಗೆ ಕಳಿಸಿದ್ದರು, ನಾಲ್ಕು ತಿಂಗಳಲ್ಲಿ ಅವಳ ಫೋನು ನಿಂತುಹೋಗಿತ್ತು. ಇವತ್ತಿಗೂ ಏನಾಯಿತೆಂದು ತಿಳಿದಿಲ್ಲ.

ಮುಂದಿನ ಸಲ ಕ್ಯಾಂಟೀನಿನ ಸರದಿಯಲ್ಲಿ ನಿಂತಾಗ ತಾಯವ್ವ ಕಿವಿಯಲ್ಲಿ ಹೇಳಿದಳು. "ಹೋಗಬ್ಯಾಡ ಮಗಳ. ಹೆಂಡ್ತಿಗೆ ಹೊಡಿಯೋರ ಮ್ಯಾಲೆ ಈಗ ಹೊಸಾ ಕಾಯ್ದೆ ಐತಿ. ಮುಧೋಳ ಕೋರ್ಟಿನ್ಯಾಗ ಅರ್ಜಿ ಹಾಕೂಣು. ತವರಾಗ ಇರು."

"ತವರಾಗ ಅಣ್ಣನ ಹೆಂಡ್ತಿ ಅದಾಳ, ಕಾಕೂ. ನಾ ಹೋಗ್ತೇನಿ."

"ಅಲ್ಲೇ, ಇಲ್ಲಿ ಇಷ್ಟು ಮಂದಿ ಇದ್ದೂ ಹೊಡದಾನ. ಅಲ್ಲಿ ನಿನ್ನ ಹಿಂದ ಯಾರದಾರ?"

"ನನ್ನ ಹಿಂದ ಯಾರೂ ಇಲ್ರಿ. ಆದ್ರ ಅವರ ಮ್ಯಾಲೆ ಅದಾರಲ್ಲ." ಸುವರ್ಣಾ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. "ಇಲ್ಲಿ ಅವರು ಬಂದ್ರ ಓಣಿ ಎದ್ದು ನಿಂದರ್ತೈತಿ. ಅಲ್ಲಿ ಅವರೇ ಎದ್ದು ನಿಂದರಬೇಕು. ಅವ್ವಗ ಅಂಜಂಗಿಲ್ಲ, ಅಪ್ಪಗ ಅಂಜಂಗಿಲ್ಲ, ಸಾಹೇಬ್ರಿಗೆ ಅಂಜತಾರ. ಸಾಹೇಬ್ರು ಇರೋ ಊರಾಗ ನಾ ಇರ್ತೇನಿ."

ಇಷ್ಟು ವರ್ಷ ಕಾಯ್ದೆ ಕಲಿತ ತಾಯವ್ವನಿಗೆ ಈ ಲೆಕ್ಕ ಹೊಸದು. ಹುಡುಗಿ ಹೇಳಿದ್ದು ನಿಜವೂ ಇರಬಹುದು. ಅದೇ ಸಾಹೇಬ "ಮನಿ ಮಾತು ಮನ್ಯಾಗ ಇರ್ಲಿ" ಎಂದು ಬಾಗಿಲಿನಿಂದ ಹೊರಳಿಸಿ ಕಳಿಸಲೂಬಹುದು. ಅಂಥವರನ್ನೂ ತಾಯವ್ವ ಕಂಡಿದ್ದಳು. ಬೇಡ ಎಂದರೆ ಹುಡುಗಿಗೆ ತೋರಿಸಲು ಅವಳ ಹತ್ತಿರ ಇನ್ನೊಂದು ಮನೆಯಿರಲಿಲ್ಲ. ಹೋಗು ಎನ್ನಲು ಧೈರ್ಯವಿರಲಿಲ್ಲ. ಮನೆಗೆ ಬಂದು ಗಂಡನ ಹಳೆಯ ಸ್ನೇಹಿತರಿಗೆ ಒಬ್ಬೊಬ್ಬರಿಗೇ ಫೋನು ಮಾಡಿ, ಜ್ಞಾನೇಶ್ವರನ ತುಕಡಿಯ ಸುಬೇದಾರರ ಹೆಂಡತಿಯ ನಂಬರು ಹುಡುಕಿದಳು. ಆ ಹೆಂಗಸು ಎಲ್ಲ ಕೇಳಿ "ಆಗಲಿ, ನೋಡೋಣ" ಎಂದಷ್ಟೇ ಹೇಳಿ ಫೋನು ಇಟ್ಟಳು.

ಜ್ಞಾನೇಶ್ವರ ಸೂಟಿಗೆ ಬಂದ ಮೂರನೇ ದಿನ ತಾಯವ್ವ ಅವರ ಮನೆಗೆ ಚಹಕ್ಕೆ ಹೋದಳು. ಹವಾಲ್ದಾರರ ಹೆಂಡತಿ ಎಂದು ಅತ್ತೆ ಕುರ್ಚಿ ಹಾಕಿ ಕೂರಿಸಿದಳು. ಜ್ಞಾನೇಶ್ವರ ಕಾಲು ಮುಟ್ಟಿ ನಮಸ್ಕರಿಸಿದ. ಕಾಣಲು ಸೌಮ್ಯ ಹುಡುಗ, ಮಾತು ಮೆತ್ತಗೆ. ಹೆಂಡತಿಗೆ ಹೊಡೆಯುವವರು ಯಾವಾಗಲೂ ಹೀಗೇ ಇರುತ್ತಾರೆ.

"ನಿಮ್ಮ ಸುಬೇದಾರ್ ಸಾಹೇಬ್ರ ಮನಿಯವ್ರು ನನಗ ಗುರ್ತಾಗ್ಯಾರಪಾ. ಸುವರ್ಣಾ ಬರಾಕತ್ತಾಳಂತ ಹೇಳೇನಿ. ವಾರಕ್ಕೊಮ್ಮೆ ಕರಸ್ಕೊಂಡು ನೋಡ್ತಾರಂತ."

"ಏನ್ ನೋಡ್ತಾರ್ರಿ, ಕಾಕೂ?"

"ಮುಖಾ ನೋಡ್ತಾರ. ಕೈ ನೋಡ್ತಾರ. ಮತ್ತೇನ್ ನೋಡ್ತಾರಪಾ?"

ಜ್ಞಾನೇಶ್ವರನ ಬೆನ್ನು ನೆಟ್ಟಗಾಯಿತು. ಅತ್ತೆಗೆ ಮಾತ್ರ ಹಿಗ್ಗೋ ಹಿಗ್ಗು. "ನಮ್ಮ ಸುವರ್ಣಾನ ಪುಣ್ಯಾ ನೋಡ್ರಿ! ಹೋಗೋಕ್ಕಿಂತ ಮೊದಲ ದೊಡ್ಡವರ ಆಸರಾ ಆತು!"

ಗಂಡ, ಹೆಂಡತಿ, ಮಗು ಝಾನ್ಸಿಗೆ ಹೋದರು. ತಾಯವ್ವ ಟೆಂಪೋಗೂ ಹೋದಳು, ಠಾಣೆಗೂ ಹೋದಳು, ಮೊಣಕಾಲು ನೋವಿಗೆ ಎಣ್ಣೆಯನ್ನೂ ತಿಕ್ಕಿಕೊಂಡಳು. ಹೋದಲ್ಲೆಲ್ಲ ಫೋನು ಕೈಯಲ್ಲೇ ಇರುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಅದು ರಿಂಗಾಯಿತು.

"ಕಾಕೂ, ನಾನ್ರಿ, ಸುವರ್ಣಾ."

"ಹೇಳ ಮಗಳ. ಸುಬೇದಾರ್ ಸಾಹೇಬ್ರ ಮನಿಯವ್ರು ಕರದಿದ್ರೇನ?"

"ಅವರಿಗೆ ಬ್ಯಾರೆ ಕಡೆ ಬದ್ಲಿ ಆಗಿ ಹೋಗ್ಯಾರ್ರಿ. ಮುಖಾನೂ ನೋಡ್ಲಿಲ್ಲ."

"ಮತ್ತ?"

"ನಿನ್ನೆ ಕೈ ಎತ್ತಿದ್ರು. ಬಾಜೂ ಮನಿಯಾಕಿ ಒಡಿಶಾದಾಕಿ. ಆಕಿ ಮಾತು ನನಗ ತಿಳಿಯಂಗಿಲ್ಲ, ನನ್ನ ಮಾತು ಆಕಿಗೆ ತಿಳಿಯಂಗಿಲ್ಲ. ಲಟ್ಟಣಿಗಿ ತಗೊಂಡು ಆ ಕಡಿಂದ ಗೋಡಿ ಬಡದಳ್ರಿ. ಬಡಿತಾನ ಇದ್ದಳು. ಇವರು ಕೈ ಇಳಿಸಿದ್ರು."

"ಇಳಿಸಿದ್ನಾ?"

"ಇಳಿಸಿದ್ರು. ಮತ್ತ ಎತ್ತಂಗಿಲ್ಲ ಅಂತ ನಾ ಹ್ಯಾಂಗ ಹೇಳ್ಲಿ?"

"ಹೇಳಬ್ಯಾಡ. ಎತ್ತಿದ್ರ ಅದ ಗೋಡಿ ನೀನೂ ಬಡಿ. ಆಕೀಗೊಂದಿಷ್ಟು ಶೇಂಗಾ ಚಟ್ನಿ ಒಯ್ದು ಕೊಡು."

"ಇವತ್ತ ಮುಂಜಾನೆ ಕೊಟ್ಟೇನ್ರಿ. ಆಕಿ ಖಾರಕ್ಕ ಕಣ್ಣೀರು ಹಾಕಿದಳು. ಆಕೀನ್ನ ನೋಡಿ ನಂಗೂ ತಡಿಯಾಕ ಆಗ್ಲಿಲ್ಲ."