ಬಾಗಿಲಲ್ಲಿ ನಿಲ್ಲುವ ಬ್ಯಾಂಡು

ನಮ್ಮ ಬೀದಿಯ ಹಳಬರು ಇಬ್ಬರು ಸೇರಿದರೆ ಇವತ್ತಿಗೂ ಆ ಬ್ಯಾಂಡ್ ಸೆಟ್ಟಿನ ಮಾತು ಬರುತ್ತದೆ. ಬಂದರೆ ಎಲ್ಲರದೂ ಒಂದೇ ರಾಗ. ಕ್ಲಾರಿಯೋನೆಟ್ ಊದುತ್ತಿದ್ದ ಉದ್ದನೆಯ ಮನುಷ್ಯ ಇರುವತನಕ ಅದು ಬ್ಯಾಂಡು, ಅವನು ಹೋದಮೇಲೆ ಬರೀ ಗಲಾಟೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಆಗಲೂ ಒಪ್ಪಿರಲಿಲ್ಲ. ಆ ಬ್ಯಾಂಡನ್ನು ಹಿಡಿದು ನಡೆಸುತ್ತಿದ್ದವನು ಹೊಟ್ಟೆಯ ಮೇಲೆ ದೊಡ್ಡ ಡ್ರಮ್ಮು ಕಟ್ಟಿಕೊಂಡಿದ್ದ ಕುಳ್ಳ. ಅವನ ಕೋಲು ಬಿದ್ದ ಕಡೆ ಮಿಕ್ಕವರ ಹೆಜ್ಜೆ ಬೀಳುತ್ತಿತ್ತು. ಇದು ನನ್ನ ಅಭಿಪ್ರಾಯ. ಓದಿಲ್ಲದವಳಿಗೆ ಅಭಿಪ್ರಾಯ ಇರಬಾರದು ಎಂದು ಯಾರೂ ಬರೆದಿಟ್ಟಿಲ್ಲ. ಬರೆದಿಟ್ಟಿದ್ದರೂ ಕೂಡಿಸಿ ಕೂಡಿಸಿ ಓದುವ ಹೊತ್ತಿಗೆ ನನಗೆ ಸಾಕಾಗಿರುತ್ತಿತ್ತು.

ಬ್ಯಾಂಡು ಹೊಸಕೋಟೆ ಕಡೆಯದು. ದೊಡ್ಡಬಳ್ಳಾಪುರದ ನಮ್ಮ ಬೀದಿಗೆ ವರ್ಷಕ್ಕೆ ಒಂದು ಸಲ, ಗಣೇಶನನ್ನು ಕೆರೆಗೆ ಬಿಡುವ ದಿನ ಬರುತ್ತಿತ್ತು. ಕೆಂಪು ಕೋಟು, ಅರ್ಧ ಗುಂಡಿ ಇಲ್ಲ. ಕೆಳಗೆ ಅವರವರ ಮನೆಯ ಪ್ಯಾಂಟು, ಪಂಚೆ. ನೋಡುವುದಕ್ಕೆ ಏನೂ ಇರಲಿಲ್ಲ. ಆದರೆ ಆ ಬ್ಯಾಂಡಿಗೆ ಒಂದು ಪದ್ಧತಿ ಇತ್ತು. ಮೆರವಣಿಗೆ ಬೀದಿಯಲ್ಲಿ ಬರುವಾಗ ಒಂದೊಂದು ಮನೆಯ ಬಾಗಿಲಲ್ಲೂ ನಿಲ್ಲುತ್ತಿತ್ತು. ಆ ಮನೆಯ ಹೆಂಗಸು ಹೊಸಿಲ ಮೇಲೆ ನಿಂತು ಯಾವ ಹಾಡು ಬೇಕು ಎಂದು ಹೇಳಬೇಕು. ಹೇಳಿದ್ದನ್ನು ಪೂರ್ತಿ ಬಾರಿಸಿ ಮುಂದಿನ ಬಾಗಿಲಿಗೆ ಹೋಗುತ್ತಿದ್ದರು. ಆ ಡ್ರಮ್ಮಿನವನೇ ಕೇಳುತ್ತಿದ್ದ, "ಏನು ಬೇಕು ತಾಯಿ?" ಅಂತ. ವರ್ಷವೆಲ್ಲ ನನ್ನನ್ನು ಬೇರೆಯವರು ಕೇಳುತ್ತಿದ್ದದ್ದು ಏನು ಸಾರು ಅಂತ ಮಾತ್ರ.

ನಮ್ಮದು ಮಗ್ಗದ ಬೀದಿ. ಬೆಳಗಾದರೆ ಕರೆಂಟು ಮಗ್ಗಗಳ ಸದ್ದು ಶುರುವಾಗುತ್ತಿತ್ತು. ಒಳಗೆ ಗಂಡಸರು ಮಗ್ಗ ನೋಡಿಕೊಳ್ಳುತ್ತಿದ್ದರು. ಜಗಲಿಯ ಮೇಲೆ ನಾವು ಹೆಂಗಸರು ರಾಟೆ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದೆವು. ಕಂಡಿಕೆ ಅಂದರೆ ಲಾಳಿಯ ಹೊಟ್ಟೆಯೊಳಗೆ ಇಡುವ, ನೂಲು ಸುತ್ತಿದ ಕಡ್ಡಿ. ಅದು ಮುಗಿದರೆ ಲಾಳಿ ಬರಿದಾಗಿ ಓಡುತ್ತದೆ, ಮಗ್ಗ ನಿಲ್ಲಿಸಬೇಕಾಗುತ್ತದೆ. ಸೀರೆ ನೇಯ್ದವರು ಯಾರು ಎಂದು ಕೇಳಿದರೆ ಮಾತ್ರ ಗಂಡಸರ ಹೆಸರು ಹೇಳುತ್ತಿದ್ದರು.

ನಮ್ಮ ಎದುರುಮನೆಯ ಅಕ್ಕ ಕ್ಲಾರಿಯೋನೆಟ್ ಕಡೆ. ನಾನು ಡ್ರಮ್ಮಿನ ಕಡೆ. ಬೀದಿಗೆ ಅಡ್ಡಲಾಗಿ, ಮಗ್ಗದ ಸದ್ದಿನ ಮೇಲೆ ಕೂಗಿಕೊಂಡೇ ನಮ್ಮ ವಾದ ನಡೆಯುತ್ತಿತ್ತು.

"ಅವನು ಊದ್ತಿದ್ರೆ ಕರುಳು ಕಿತ್ತು ಬರ್ತದೆ ಕಣೇ," ಎನ್ನುತ್ತಿದ್ದಳು.

"ಬರ್ಲಿ ಬಿಡಕ್ಕ. ಡ್ರಮ್ಮು ತಪ್ಪಿದ್ರೆ ನಿನ್ನ ಕ್ಲಾರಿಯೋನೆಟ್ಟು ಎಲ್ಲಿಗ್ ಹೋಗ್ತಾ ಇದೀನಿ ಅಂತ ಅದಕ್ಕೇ ಗೊತ್ತಿರಲ್ಲ."

"ಮಗ್ಗದ ಸದ್ದು ಕೇಳಿ ಕೇಳಿ ನಿನ್ನ ಕಿವಿ ಕೆಟ್ಟೋಗದೆ. ದಬದಬ ಅಂದ್ರೆ ಸಾಕು ನಿಂಗೆ."

"ಕೆಟ್ಟೋಗಿರೋ ಕಿವಿಗೂ ಕೇಳ್ಬೇಕು. ಅದೇ ಬ್ಯಾಂಡು."

ನಾವಿಬ್ಬರೂ ಒಪ್ಪಿದ್ದು ಒಂದೇ ವಿಷಯಕ್ಕೆ. ನಮ್ಮೂರ ಹತ್ತಿರದ ಮಧುರೆಯಲ್ಲಿ ನನ್ನ ನಾದಿನಿಯ ಮದುವೆಗೆ ಬೇರೆ ಬ್ಯಾಂಡು ಕರೆಸಿದ್ದರು. ಹೊಸ ಕೋಟು, ಮುಖ ಕಾಣುವಷ್ಟು ಹೊಳೆಯುವ ತುತ್ತೂರಿ. ಚಪ್ಪರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತು ಬಾರಿಸಿದರು. ಹುಡುಗಿಯ ಕಡೆಯವಳು ಎಂದು ನಾನು ಹೋಗಿ ಒಂದು ಹಾಡು ಕೇಳಿದೆ. "ಅದೆಲ್ಲ ಆಗಲ್ಲಮ್ಮ, ನಮ್ಮದು ವರಸೆ ಇದೆ," ಅಂದ ಅವರ ಮಾಸ್ಟರು. ಅಕ್ಕ ಅಲ್ಲೇ ಜೋರಾಗಿ, "ಬಾರೇ, ಇವರದು ಇವರೇ ಕೇಳ್ಕೊಳ್ಳಿ," ಎಂದು ನನ್ನನ್ನು ಊಟದ ಪಂಕ್ತಿಗೆ ಎಳೆದುಕೊಂಡು ಹೋದಳು.

ಎಪ್ಪತ್ತರ ದಶಕ ಶುರುವಾಗಿತ್ತು. ಬೀದಿಯ ಯಜಮಾನರು ಹಬ್ಬಕ್ಕೆ ಮುಂಚೆ ದೇವಸ್ಥಾನದ ಕಟ್ಟೆಯ ಮೇಲೆ ಗಂಡಸರನ್ನು ಸೇರಿಸಿ, ಈ ಸಲ ಬ್ಯಾಂಡು ಬೇಡ, ಮೈಕ್ ಸೆಟ್ಟು ಎಂದು ತೀರ್ಮಾನ ಮಾಡಿದರು. ಅವರ ಅಳಿಯ ಆಗ ತಾನೇ ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದ. ಎತ್ತಿನ ಗಾಡಿಯ ಮೇಲೆ ಬ್ಯಾಟರಿ, ಹಾಡಿನ ಪ್ಲೇಟು ಹಾಕುವ ಪೆಟ್ಟಿಗೆ, ಅರಚುವುದಕ್ಕೆ ಎರಡು ಹಾರ್ನು. ಗಾಡಿ ಹೋಗುತ್ತಲೇ ಇರುತ್ತದೆ, ಹಾಡು ಬರುತ್ತಲೇ ಇರುತ್ತದೆ. ಸುದ್ದಿಯನ್ನು ನಮ್ಮ ಮನೆಯವರು ಉಣ್ಣುವಾಗ ಹೇಳಿದರು.

"ಬಾಗಿಲಲ್ಲಿ ನಿಲ್ಲುತ್ತಾ ಅದು?" ಎಂದು ಕೇಳಿದೆ.

"ನಿಲ್ಲೋದ್ಯಾಕೆ? ಕೆರೆತಂಕ ಒಂದೇ ಸಮ ಕೇಳುತ್ತೆ. ಪಿಕ್ಚರ್‌ನಲ್ಲಿ ಹಾಡಿರೋರ ಗಂಟಲೇ ಬರುತ್ತೆ, ಇನ್ನೇನ್ ಬೇಕು ನಿಮಗೆ?"

"ನಮಗೇನ್ ಬೇಕು ಅಂತ ಈಗ್ ಕೇಳ್ತಿದೀರಲ್ಲ. ಕಟ್ಟೆ ಮೇಲೆ ಕೇಳ್ಬೇಕಾಗಿತ್ತು."

ಅವರು ಮುದ್ದೆ ನುಂಗಿ ಎದ್ದು ಹೋದರು. ನಾನು ಎಂಜಲು ತೆಗೆದು ಸೀದಾ ಎದುರುಮನೆಗೆ ಹೋದೆ. ಅಕ್ಕನಿಗೆ ಆಗಲೇ ಗೊತ್ತಾಗಿತ್ತು. ಅವಳು ನೂಲಿನ ಲಡಿಯನ್ನು ಗೂಟದಿಂದ ತೆಗೆದು ಬುಟ್ಟಿಗೆ ಹಾಕುತ್ತಿದ್ದಳು.

"ಬ್ಯಾಂಡ್ ಇಲ್ಲ ಅಂದ್ರೆ ನಂಗೆ ರಟ್ಟೆ ನೋವು," ಅಂದಳು.

"ನಂಗೂ," ಅಂದೆ.

ಯಾರೂ ಯಾರ ಮನೆಗೂ ಹೋಗಿ ಭಾಷಣ ಮಾಡಲಿಲ್ಲ. ನಾವಿಬ್ಬರು ರಾಟೆಯನ್ನು ಜಗಲಿಯ ಮೂಲೆಗೆ ತಳ್ಳಿ, ಗೋಡೆಗೆ ಒರಗಿ ಕೂತು ಎಲೆ ಅಡಿಕೆ ಹಾಕಿಕೊಂಡೆವು. ಪಕ್ಕದ ಮನೆಯವಳು ನೋಡಿದಳು, ಕೇಳಿದಳು, ಅವಳೂ ತಳ್ಳಿದಳು. ಹೀಗೇ ಬೀದಿಯ ಆ ಕೊನೆಯತನಕ ಹೋಯಿತು. ಮುಂಚೆ ಸುತ್ತಿಟ್ಟಿದ್ದ ಕಂಡಿಕೆ ಮುಗಿಯುವತನಕ ಮಗ್ಗ ಓಡಿದವು. ಆಮೇಲೆ ಒಂದೊಂದಾಗಿ ನಿಂತವು. ನಾನು ಮದುವೆಯಾಗಿ ಬಂದ ಮೇಲೆ ಆ ಬೀದಿಯಲ್ಲಿ ಕಾಗೆ ಕೂಗಿದ್ದು ಕೇಳಿಸಿದ್ದು ಅವತ್ತೇ.

"ಏನೇ, ಕಂಡಿಕೆ ಎಲ್ಲಿ?" ಎಂದು ನಮ್ಮ ಮನೆಯವರು ಹೊರಗೆ ಬಂದರು.

"ಮೈಕ್ ಸೆಟ್ಟಿನೋರ್ನ ಕೇಳಿ. ಗಂಟಲು ಚೆನ್ನಾಗದೆ ಅಂದ್ರಲ್ಲ, ಕೈಯೂ ಚೆನ್ನಾಗಿರ್ಬೋದು."

ಕೈ ಎತ್ತಿದರು. ಎತ್ತಿದ ಕೈಯನ್ನು ಇಳಿಸಿದರು. ನನ್ನ ಮೇಲಿನ ಕರುಣೆಯಿಂದಲ್ಲ, ಹೊಡೆದರೆ ಇನ್ನೂ ಜಾಸ್ತಿ ದಿವಸ ಸುತ್ತುವುದಿಲ್ಲ ಎಂದು ಲೆಕ್ಕ ಹಾಕಿದರು. ಮುಂದೆ ದಸರಾ ಇತ್ತು, ಸಾಹುಕಾರನಿಗೆ ಸೀರೆ ಕೊಡಬೇಕಾಗಿತ್ತು.

ಗಂಡಸರು ತಾವೇ ಸುತ್ತುವುದಕ್ಕೆ ಕೂತರು. ಕಂಡಿಕೆಗೆ ಒಂದು ಅಳತೆ ಇದೆ. ಎರಡು ಕಡೆಯೂ ಸಣ್ಣಗೆ ಇಳಿಯಬೇಕು, ಬಿಗಿ ಒಂದೇ ಸಮ ಇರಬೇಕು. ಇವರು ಸುತ್ತಿದ್ದು ನಡುವೆ ಬಸುರಿಯ ಹೊಟ್ಟೆಯ ಹಾಗೆ ಉಬ್ಬಿತು. ಲಾಳಿಯೊಳಗೆ ಹೋಗಲಿಲ್ಲ. ಒತ್ತಿ ತುರುಕಿದರೆ ನೂಲು ಸಿಕ್ಕಾಗಿ ಕಿತ್ತುಹೋಯಿತು. ನಮ್ಮ ಮನೆಯವರು ಒಂದು ಒಳ್ಳೆಯ ಸೀರೆಯ ಒಡಲು ಹಾಳು ಮಾಡಿಕೊಂಡು ಮಗ್ಗದ ಮುಂದೆ ಸುಮ್ಮನೆ ನಿಂತಿದ್ದರು. ನಾನು ನೋಡಿದೆ. ಪಾಪ ಅನಿಸಲಿಲ್ಲ.

ಯಜಮಾನರೇ ಬಂದರು. ಜಗಲಿಯ ಕೆಳಗೆ ನಿಂತು ಮಾತಾಡಿದರು. ನಾನು ಎದ್ದು ಸೆರಗು ಸರಿ ಮಾಡಿಕೊಂಡು ನಿಂತೆ, ಮಾತು ಮಾತ್ರ ಇಳಿಸಲಿಲ್ಲ.

"ಏನಮ್ಮ, ಇದೆಲ್ಲ ನಿನ್ನದೇ ಕಿತಾಪತಿಯಂತೆ?"

"ಹೂಂ ಅಂದ್ಕೊಳ್ಳಿ ಯಜಮಾನ್ರೆ."

"ದೇವರ ಕೆಲಸಕ್ಕೆ ಅಡ್ಡ ಬರ್ತೀರಲ್ಲ, ಒಳ್ಳೇದಾ?"

"ದೇವ್ರಿಗೆ ಬ್ಯಾಂಡ್ ಬೇಡ ಅಂತ ದೇವ್ರೇ ಹೇಳಿದ್ನಾ, ಇಲ್ಲ ನಿಮ್ಮ ಅಳಿಯಂದ್ರು ಹೇಳಿದ್ರಾ?"

ಎದುರುಜಗಲಿಯಿಂದ ಅಕ್ಕ ಕೆಮ್ಮಿದಳು. ನಗುವನ್ನು ಕೆಮ್ಮು ಮಾಡುವುದರಲ್ಲಿ ಅವಳು ಪಳಗಿದ್ದಳು.

"ಅದೇ ಹಾಡು ಮೈಕಲ್ಲಿ ಇನ್ನೂ ಚೆನ್ನಾಗಿ ಬರುತ್ತಮ್ಮ," ಅಂದರು ಯಜಮಾನರು, ಈಗ ಸ್ವಲ್ಪ ಮೆತ್ತಗೆ. "ಆ ಬ್ಯಾಂಡಿನೋರು ಅರ್ಧಕ್ಕರ್ಧ ತಪ್ಪು ಬಾರಿಸ್ತಾರೆ."

"ನಿಜ. ಆದ್ರೆ ಅವ್ರು ನಿಲ್ತಾರೆ. ಆ ಪ್ಲೇಟಲ್ಲಿ ಹಾಡಿದಾರಲ್ಲ, ಅವ್ರಿಗೂ ನಮ್ಮ ಬಾಗ್ಲಲ್ಲಿ ನಿಂತು ಏನ್ ಬೇಕು ಅಂತ ಕೇಳಕ್ಕೆ ಹೇಳಿ. ಈಗ್ಲೇ ರಾಟೆ ಹಿಡೀತೀವಿ."

ಅವರು ಇನ್ನೂ ಏನೋ ಹೇಳಬೇಕು ಎಂದಿದ್ದರು. ನಮ್ಮ ಮನೆಯವರು ಒಳಗಿನಿಂದ, "ಯಜಮಾನ್ರೆ, ಬ್ಯಾಂಡೂ ಬರ್ಲಿ, ಮೈಕೂ ಬರ್ಲಿ, ಈ ಮಗ್ಗ ಒಂದು ಓಡ್ಲಿ," ಎಂದು ಕೂಗಿದರು. ಹಾಗೇ ಆಯಿತು. ನಾವು ರಾಟೆ ಎಳೆದುಕೊಂಡೆವು.

ಎರಡೂ ಬರುತ್ತವೆ ಎಂದಾಗ ನಾನು ಗೆದ್ದೆವು ಅಂದುಕೊಂಡಿದ್ದೆ. ದಡ್ಡತನ. ಗಣೇಶನನ್ನು ಬಿಡುವ ದಿನ ಮೈಕಿನ ಗಾಡಿ ಮುಂದೆ, ಗಣೇಶನ ಗಾಡಿ ನಡುವೆ, ಬ್ಯಾಂಡು ಹಿಂದೆ. ಹಾರ್ನಿನ ಅರಚಾಟದಲ್ಲಿ ಬ್ಯಾಂಡಿನವರ ಕೆನ್ನೆ ಉಬ್ಬುವುದು ಕಾಣುತ್ತಿತ್ತು, ಸ್ವರ ಕೇಳಿಸುತ್ತಿರಲಿಲ್ಲ. ಅದಕ್ಕಿಂತ ಕೆಟ್ಟದ್ದು, ಕ್ಲಾರಿಯೋನೆಟ್ಟಿನವನೇ ಬಂದಿರಲಿಲ್ಲ. ಮುಂದಿನ ಹಲ್ಲು ಬಿದ್ದುಹೋಗಿ ಅವನು ಊದುವುದನ್ನೇ ಬಿಟ್ಟಿದ್ದ. ಎರಡು ತುತ್ತೂರಿ, ಒಂದು ಸಣ್ಣ ಡ್ರಮ್ಮು, ತಾಳದವನು, ನಮ್ಮ ಕುಳ್ಳ. ಅಷ್ಟೇ ಜನ.

ಅಕ್ಕನ ಮುಖ ಸಪ್ಪಗಾಯಿತು. "ಇದಕ್ಕಾ ನಾವು ಒದ್ದಾಡಿದ್ದು?" ಅಂದಳು.

ಮೈಕಿನ ಗಾಡಿ ನಮ್ಮ ಮನೆಯ ಹತ್ತಿರ ಬಂತು. ನಿಲ್ಲದೆ ಮುಂದೆ ಹೋಗುತ್ತಿತ್ತು. ಹಿಂದೆ ಬ್ಯಾಂಡಿನವರು ನಿಲ್ಲುವುದೋ ಓಡುವುದೋ ಗೊತ್ತಾಗದೆ ತಡವರಿಸುತ್ತಿದ್ದರು. ನಾನು ಹೊಸಿಲಿನಿಂದ ಇಳಿದು ಎತ್ತಿನ ಮುಂದೆ ಹೋಗಿ ನಿಂತೆ. ಗಾಡಿ ಹೊಡೆಯುವವನು ಹಗ್ಗ ಎಳೆದ. ಎತ್ತು ನನ್ನ ಭುಜಕ್ಕೆ ಮೂಗು ತಾಗಿಸಿ ನಿಂತುಕೊಂಡಿತು. ಅದಕ್ಕೆ ಏನೂ ಆಕ್ಷೇಪಣೆ ಇರಲಿಲ್ಲ.

"ಪಕ್ಕಕ್ ಬಾರಮ್ಮ," ಎಂದು ಯಜಮಾನರ ಅಳಿಯ ಗಾಡಿಯ ಮೇಲಿನಿಂದ ಕೂಗಿದ.

"ಅದ್ನ ಆರ್ಸಪ್ಪ. ನನ್ನ ಬಾಗ್ಲಲ್ಲಿ ಹಾಡು ಮುಗೀಲಿ, ಆಮೇಲೆ ಹೋಗು."

"ಎಲ್ಲಾ ಬಾಗ್ಲಲ್ಲೂ ಹಿಂಗೇ ನಿಂತ್ರೆ ಕೆರೆಗೆ ಹೋಗೋದ್ಯಾವಾಗ?"

"ಹೋದಾಗ."

ಅಕ್ಕ ಬಂದು ಇನ್ನೊಂದು ಎತ್ತಿನ ಮುಂದೆ ನಿಂತಳು. ಅವಳು ಬಂದಮೇಲೆ ಇನ್ನಷ್ಟು ಹೆಂಗಸರು ಇಳಿದರು. ನಮ್ಮ ಮನೆಯವರು ಗಂಡಸರ ಗುಂಪಿನಲ್ಲಿ ನಿಂತು ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಯಜಮಾನರು ದೂರದಿಂದ ದುಮುಗುಟ್ಟಿಕೊಂಡು ಬರುತ್ತಿದ್ದರು. ಅವರು ಬಾಯಿ ತೆರೆಯುವ ಮುಂಚೆ ಅವರ ಹೆಂಡತಿ ತಮ್ಮ ಮನೆಯ ಬಾಗಿಲಿನಿಂದ ಮಾತಾಡಿದರು. ಬೀದಿಯಲ್ಲಿ ಆ ಅಮ್ಮನ ಗಂಟಲು ನಾವು ಕೇಳಿದ್ದೇ ಅಪರೂಪ.

"ಅಳಿಯಂದ್ರೆ, ಆರ್ಸಿ. ಆಮೇಲ್ ನಮ್ಮ ಬಾಗ್ಲಿಗೂ ಬರ್ಬೇಕು ಅವ್ರು. ನಾನೂ ಹಾಡು ಯೋಚ್ನೆ ಮಾಡಿ ಇಟ್ಕೊಂಡಿದೀನಿ."

ಅತ್ತೆಯ ಮಾತನ್ನು ಬೀದಿಯಲ್ಲಿ ತೆಗೆದುಹಾಕುವುದಕ್ಕೆ ಆಗುತ್ತದೆಯೇ. ಅಳಿಯ ಪ್ಲೇಟಿನ ಮೇಲಿಂದ ಮುಳ್ಳು ಎತ್ತಿದ. ಬೀದಿ ಸ್ತಬ್ಧವಾಯಿತು. ಕುಳ್ಳ ಡ್ರಮ್ಮನ್ನು ಹೊಟ್ಟೆಯ ಮೇಲೆ ಸರಿಮಾಡಿಕೊಂಡು ನಮ್ಮ ಬಾಗಿಲಿಗೆ ಬಂದ.

"ಏನು ಬೇಕು ತಾಯಿ?"

ನಾನು ಹೇಳಿದೆ. ಬಾರಿಸಿದರು. ಕ್ಲಾರಿಯೋನೆಟ್ ಇರಬೇಕಾದ ಕಡೆ ತುತ್ತೂರಿಯವನು ಏನೇನೋ ಮಾಡಿದ, ಎರಡು ಕಡೆ ಸ್ವರ ಹಾರಿತು. ಡ್ರಮ್ಮು ಮಾತ್ರ ಎಲ್ಲೂ ತಪ್ಪಲಿಲ್ಲ. ತುತ್ತೂರಿ ದಾರಿ ಬಿಟ್ಟಾಗೆಲ್ಲ ಕುಳ್ಳ ಒಂದು ಗಟ್ಟಿ ಏಟು ಹಾಕಿ ಅವನನ್ನು ವಾಪಸು ಕರೆದುಕೊಂಡು ಬರುತ್ತಿದ್ದ. ಅದನ್ನು ನೋಡಿಯೇ ನಾನು ಹೇಳುವುದು, ಆ ಬ್ಯಾಂಡು ಯಾರದ್ದು ಎಂದು. ಆಮೇಲೆ ಎದುರುಮನೆ. ಅಕ್ಕ ಹಠಕ್ಕೆ ಬಿದ್ದವಳ ಹಾಗೆ ಕ್ಲಾರಿಯೋನೆಟ್ಟಿನಿಂದಲೇ ಶುರುವಾಗುವ ಹಾಡು ಕೇಳಿದಳು. ತುತ್ತೂರಿಯವನು ಬೆವರಿದ. ಅರ್ಧಕ್ಕೆ ನಿಲ್ಲಿಸಿ, ಮೂತಿ ಒರೆಸಿಕೊಂಡು, ಮತ್ತೆ ಮೊದಲಿನಿಂದ ಊದಿದ. ಎರಡನೇ ಸಲವೂ ಚೆನ್ನಾಗಿ ಬರಲಿಲ್ಲ. ಅಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೊನೆಯ ಏಟಿನತನಕ ಅಲ್ಲಾಡದೆ ನಿಂತು ಕೇಳಿದಳು.

ಬಾಗಿಲಿಗೊಂದು ಹಾಡು ಹೀಗೇ ನಡೆಯಿತು. ಮೈಕಿನ ಗಾಡಿ ಅಂಗುಲ ಅಂಗುಲ ಸರಿಯುತ್ತಿತ್ತು, ಬಾಯಿ ಮುಚ್ಚಿಕೊಂಡು. ಯಜಮಾನರ ಹೆಂಡತಿ ಕೇಳಿದ ಹಾಡು ಯಾರಿಗೂ ಗೊತ್ತಿರದಷ್ಟು ಹಳೆಯದು. ಆ ಅಮ್ಮನೇ ಬಾಗಿಲಲ್ಲಿ ಮೆಲ್ಲಗೆ ಗುನುಗಿ ತೋರಿಸಿದರು, ಕುಳ್ಳ ತಲೆಯಾಡಿಸಿ ಏಟು ಹಿಡಿದ. ಯಜಮಾನರು ಕಟ್ಟೆಯ ಮೇಲೆ ಬೇರೆ ಕಡೆಗೆ ಮುಖ ಮಾಡಿ ಕೂತಿದ್ದರು, ಎದ್ದು ಮಾತ್ರ ಹೋಗಲಿಲ್ಲ.

ಗಣೇಶನನ್ನು ಬಿಟ್ಟು ವಾಪಸು ಬರುವಾಗ ಅಕ್ಕ ದಾರಿಯುದ್ದಕ್ಕೂ ಬೈದಳು. "ಅದು ಬ್ಯಾಂಡಾ? ನನ್ನ ಹಾಡ್ನ ಸಾಯ್ಸಿಬಿಟ್ಟ. ನಾಚಿಕೆಗೇಡು. ಮೈಕೇ ವಾಸಿಯಾಗಿತ್ತು ಅಂತಾರೆ ಈಗ ಎಲ್ಲ."

"ಅನ್ಲಿ," ಅಂದೆ. "ಕೆಟ್ಟದಾಗ್ ಬಾರ್ಸಿದ್ರೂ ನಮ್ಮ ಬಾಗ್ಲಲ್ಲಿ ನಿಂತು ಬಾರ್ಸ್ಲಿ."

ಅಕ್ಕ ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ, "ಬರೋ ವರ್ಷ ಯಾರಾದ್ರೂ ಒಬ್ಬ ಕ್ಲಾರಿಯೋನೆಟ್ಟಿನೋನು ಇಲ್ದೆ ಬರಂಗಿಲ್ಲ ಅಂತ ಅವ್ರಿಗೆ ಈಗ್ಲೇ ಹೇಳಿ ಕಳ್ಸ್ಬೇಕು. ಬರ್ಲಿಲ್ಲ ಅಂದ್ರೆ ಮತ್ತೆ ರಟ್ಟೆ ನೋವು," ಅಂದಳು.