ಬೀಗದ ಮೇಲಿನ ಇಸವಿ

ಗಡಿ ದಾಟಿ ಬಂದು ನಲವತ್ತೊಂದು ವರ್ಷವಾಗಿದ್ದರೂ ಬೀಗದಣ್ಣ ಈ ಪೇಟೆಯವರ ಬಾಯಲ್ಲಿ ಹೊರಗಿನವನೇ. ಆದರೆ ಅವನು ಒಳಗೆ ಕಾಲಿಡದ ಮನೆ ಇಲ್ಲಿರಲಿಲ್ಲ. ಕೀಲಿಕೈ ಕಳೆದುಕೊಂಡು ಬೀದಿಯಲ್ಲಿ ನಿಂತವರಿಗೆ ಒಳಗಿನವನೇನು, ಹೊರಗಿನವನೇನು.

ಬಾಗಿಲು ತೆರೆದುಕೊಟ್ಟ ಮೇಲೆ ಅವನು ಬೀಗದ ತಗಡಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜುತ್ತಿದ್ದ. ಕಮ್ಮಾರನ ಗುರುತು, ಇಸವಿ ಕಾಗದಕ್ಕೆ ಇಳಿಯುತ್ತಿದ್ದವು. ಆಮೇಲೆ ಮನೆಯ ಹಿರಿಯರನ್ನು ಮಾತಿಗೆಳೆದು, ಇಲ್ಲಿ ಮೊದಲು ಯಾರಿದ್ದರು, ಆ ಬಾವಿಯನ್ನು ಯಾಕೆ ಮುಚ್ಚಿದರು ಎಂದು ಕೇಳಿ ಬರೆದುಕೊಳ್ಳುತ್ತಿದ್ದ. ಹೀಗೆ ಹದಿನೆಂಟು ನೋಟುಬುಕ್ಕು ತುಂಬಿ ಹತ್ತೊಂಬತ್ತನೆಯದು ನಡೆದಿತ್ತು.

“ಇವರೂರಿನ ತುಕ್ಕು ಉಜ್ಜಿ ನಿಮಗೇನು ಸಿಗುತ್ತೆ?” ಎಂದು ಹೆಂಡತಿ ರೇಗುವಳು.

“ಇವರೂರಲ್ಲ ಕಣೇ, ನಮ್ಮೂರು” ಎಂದು ಅವನು ಪ್ರತಿಸಲವೂ ತಿದ್ದುವನು. ಊರನ್ನು ಇಷ್ಟು ತಿಳಿದುಕೊಂಡರೆ ಊರೂ ಒಂದು ದಿನ ತನ್ನನ್ನು ನಮ್ಮವನು ಎಂದೀತು ಎಂಬ ಆಸೆ ಅವನದು.

ನಿವೃತ್ತ ಮೇಷ್ಟ್ರು ಹಾಗೆಂದೇಬಿಟ್ಟರು. “ನೀನು ನಮ್ಮವನಯ್ಯಾ. ಇಬ್ಬರೂ ಸೇರಿ ಪುಸ್ತಕ ಮಾಡೋಣ, ಬುಕ್ಕುಗಳನ್ನ ಕೊಟ್ಟಿರು.” ಅವನು ಹದಿನೆಂಟನ್ನೂ ಕೈಚೀಲದಲ್ಲಿ ಹೊತ್ತು ಕೊಟ್ಟು ಬಂದ. ಆಮೇಲೆ ಎರಡು ವರ್ಷ ಮೇಷ್ಟ್ರು ಕೈಗೇ ಸಿಗಲಿಲ್ಲ.

ಪುಸ್ತಕ ಬಿಡುಗಡೆಗೆ ಗಂಡಹೆಂಡಿರು ಇಸ್ತ್ರಿ ಬಟ್ಟೆ ಹಾಕಿಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕುಳಿತರು. ಮೇಷ್ಟ್ರು ಮುದ್ರಕನನ್ನು ನೆನೆದರು, ಕುರ್ಚಿ ಹಾಕಿದವನನ್ನೂ ನೆನೆದರು. ಬೀಗದಣ್ಣ ಪುಸ್ತಕ ತೆರೆದ. ಪುಟಪುಟದಲ್ಲೂ ಅವನ ಪೆನ್ಸಿಲು, ಅವನ ಹೆಸರು ಎಲ್ಲೂ ಇಲ್ಲ. ಕೊನೆಯ ಅಧ್ಯಾಯದಲ್ಲಿ ಹೀಗಿತ್ತು: ‘ಹೊರಗಿನಿಂದ ಬಂದು ನೆಲೆಸಿದವರಿಗೆ ಈ ಪೇಟೆಯ ಹಳೆಯದರ ಮೇಲೆ ಅಕ್ಕರೆಯಿಲ್ಲ. ಅವರಿಗಿದು ಹೊಟ್ಟೆಪಾಡಿನ ಜಾಗ.’ ಅವನು ಮೂರು ಸಲ ಓದಿದ. ನಂಬಿಸಿ ಕತ್ತು ಕೊಯ್ಯುವುದೆಂದರೆ ಇದೇ. ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು.

“ಗೆದ್ದಲು ಕಟ್ಟಿದ ಹುತ್ತ ಹಾವಿಗಾಯ್ತು” ಎಂದಳು ಹೆಂಡತಿ, ಮುಂದಿನ ಸಾಲಿಗೂ ಕೇಳುವ ಹಾಗೆ.

ಸಭೆ ಮುಗಿಸಿ ಮೇಷ್ಟ್ರು ಎಲ್ಲರನ್ನೂ ದರ್ಜಿಯ ಮನೆ ಮುಂದೆ ನಿಲ್ಲಿಸಿದರು. “ಪೇಟೆಯ ಅತಿ ಹಳೇ ಮನೆ ಇದು. ಸಾಕ್ಷಿ ಬೇಕಾ? ಬೀಗದ ಮೇಲಿನ ಇಸವಿ ನೋಡಿ.”

ಬೀಗದಣ್ಣ ಆ ಬೀಗವನ್ನು ಗುರುತಿಸಿದ. ಬೀಗದವನಿಗೆ ಮನೆ ಹುಟ್ಟುವುದೇ ಬೀಗದಿಂದ. ನಾಲ್ಕನೆಯ ಬುಕ್ಕಿನಲ್ಲಿ ಬೀಗದ ಇಸವಿಯನ್ನೇ ಮನೆಯ ಇಸವಿಯೆಂದು ಬರೆದಿದ್ದವನು ಅವನೇ. ಹೋದ ವರ್ಷ ದರ್ಜಿಯ ತಾಯಿ ನಕ್ಕು, “ಗುಜರಿಯಿಂದ ತಂದು ಇದನ್ನ ಕೂರಿಸಿದ್ದು ನೀನೇ ಅಲ್ವೇನಪ್ಪಾ” ಎಂದಾಗ ನೆನಪಾಗಿ, ಹತ್ತೊಂಬತ್ತನೆಯದರಲ್ಲಿ ತಿದ್ದಿದ್ದ. ಮೇಷ್ಟ್ರಿಗೆ ಇಂದಾದರೂ ಕೊಡೋಣವೆಂದು ತಂದ ಆ ಬುಕ್ಕು ಅಂಗಿಯೊಳಗೇ ಇತ್ತು.

“ಬೀಗದಣ್ಣಾ, ಬಾರಯ್ಯಾ. ಇದನ್ನ ತೆರೆದು ತೋರಿಸು” ಎಂದರು ಮೇಷ್ಟ್ರು. “ಹೇಗಿದೆ ನಮ್ಮ ತಾತಂದಿರ ಕೆಲಸ?”

ಅವನು ಎರಡು ಸಲ ಕೀಲಿ ತಿರುಗಿಸಿದ. ಮೂವತ್ತು ವರ್ಷದ ಹಿಂದೆ ತಾನೇ ಬಿಗಿದ ತಿರುಪು ಒಳಗೆ ಹೊಳೆಯುತ್ತಿತ್ತು. “ಗಟ್ಟಿಯಾಗಿದೆ” ಎಂದ. ಜನ ಚಪ್ಪಾಳೆ ತಟ್ಟಿದರು.

ದಾರಿಯಲ್ಲಿ ಹೆಂಡತಿ ತಡೆಯಲಾರದೆ ಕೇಳಿದಳು, “ಬಾಯಿ ಬಿಟ್ಟು ಹೇಳೋಕೇನಾಗಿತ್ತು?”

“ನಾನು ಹೊಟ್ಟೆಪಾಡಿಗೆ ಬಂದವನು” ಎಂದ ಅವನು. “ಇವರೂರಿನ ವಿಷಯ ನನಗೇನು ಗೊತ್ತು?”