ನರ್ಸಮ್ಮನ ತಲೆ

ರೈಲ್ವೆ ಸ್ಟೇಷನ್ನಿನ ಮುಂದೆ ಮುಂಗಾಲೆತ್ತಿ ನಿಂತಿರುವ ಕಂಚಿನ ಕುದುರೆಯನ್ನು ಮಾಡಿದ್ದು ಒಬ್ಬ ಹೆಂಗಸು ಎಂದರೆ ಊರಿಗೆ ಹೊಸದಾಗಿ ಬಂದವರು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಊರಿನವರಿಗೆಲ್ಲ ಗೊತ್ತು, ಅದಕ್ಕೇ ಅವಳನ್ನು ಕುದುರೆಯಕ್ಕ ಎನ್ನುತ್ತಾರೆ. ಅವಳ ಹುಟ್ಟುಹೆಸರು ಗಂಡನಿಗಾದರೂ ನೆನಪಿದೆಯೋ ಇಲ್ಲವೋ. ಗ್ರಂಥಾಲಯದ ಮುಂದೆ ಪುಸ್ತಕ ಹಿಡಿದು ಕೂತ ಮುದುಕ ಅವಳದು, ಸೇತುವೆಯ ಎರಡೂ ತುದಿಯಲ್ಲಿ ಹಗ್ಗ ಎಳೆಯುತ್ತ ನಿಂತ ಕೂಲಿಗಳು ಅವಳವರು. ಮೂವತ್ತೆರಡು ವರ್ಷದಿಂದ ಊರಿನಲ್ಲಿ ಆಳೆತ್ತರ ಮೀರಿದ ಯಾವ ಮೂರ್ತಿ ಎದ್ದರೂ ಅದು ಅವಳ ಷೆಡ್ಡಿನಿಂದಲೇ ಎದ್ದದ್ದು. ಹಾಗಾಗಿ ದೊಡ್ಡ ಮೂರ್ತಿಯೆಂದರೆ ತಾನು, ತಾನೆಂದರೆ ದೊಡ್ಡ ಮೂರ್ತಿ ಎಂದು ಅವಳು ತಿಳಿದುಕೊಂಡಿದ್ದರೆ ಅದರಲ್ಲಿ ತಪ್ಪೇನಿತ್ತು? ತಪ್ಪಿತ್ತು ಅನ್ನಿ. ಅದನ್ನೇ ಹೇಳಹೊರಟಿದ್ದು.

ಅವಳಪ್ಪ ಗಾರೆ ಕೆಲಸದವನು. ಅವನು ಮಿಗಿಸಿದ ಗಾರೆಯಲ್ಲಿ ಬೆಕ್ಕು, ಬಾತುಕೋಳಿ ಮಾಡುತ್ತ ಬೆಳೆದ ಮಗಳು ಕ್ರೇನ್ ಓಡಿಸುವವನನ್ನು ಮದುವೆಯಾಗಿ, ಗಂಡನ ಮನೆಯ ಪಕ್ಕದಲ್ಲಿ ಪಾಳುಬಿದ್ದಿದ್ದ ಬಸ್ ಷೆಡ್ಡನ್ನು ತನ್ನ ಕೆಲಸಕ್ಕೆ ಹಿಡಿದುಕೊಂಡಳು. ಮೊದಲು ಮಾಡಿದ ದೊಡ್ಡ ಮೂರ್ತಿ ಅಂಚೆ ಕಚೇರಿಯ ಮುಂದಿನ ಪೋಸ್ಟ್‌ಮ್ಯಾನ್. ಮೇಜಿನ ಮೇಲೆ ಮೊಳದುದ್ದದ ಮಾದರಿಯಲ್ಲಿ ಅವನು ರಾಜಕುಮಾರನ ಹಾಗಿದ್ದ. ಅದನ್ನೇ ಅಳತೆ ತಪ್ಪದೆ ಹಿಗ್ಗಿಸಿ ಇಪ್ಪತ್ತಡಿ ಮಾಡಿ ನಿಲ್ಲಿಸಿದರೆ, ಕೆಳಗೆ ನಿಂತವರಿಗೆ ಬೂಟೇ ಬೂಟು. ತಲೆ ಎಲ್ಲೋ ಮೇಲೆ, ಬಟಾಣಿ ಕಾಳಿನಷ್ಟು. ಎತ್ತರದ ಮೂರ್ತಿಯ ತಲೆಯನ್ನು ಅಳತೆಗಿಂತ ದೊಡ್ಡದು ಮಾಡಬೇಕು, ಕತ್ತನ್ನು ಮುಂದಕ್ಕೆ ಬಾಗಿಸಬೇಕು, ಆಗಲೇ ಕೆಳಗಿನವರ ಕಣ್ಣಿಗೆ ಸರಿಯಾಗಿ ಕಾಣುವುದು ಎಂದು ಅವಳಿಗೆ ಹೇಳಿಕೊಟ್ಟವರು ಯಾರು? ಯಾರೂ ಇಲ್ಲ. ಊರು ನಕ್ಕು ನಕ್ಕು ಕಲಿಸಿತು. ಆ ಪೋಸ್ಟ್‌ಮ್ಯಾನನ್ನು ಈಗಲೂ ಬಟಾಣಿ ತಲೆ ಎಂದೇ ಕರೆಯುತ್ತಾರೆ. ಕುದುರೆಯಕ್ಕ ಈಗಲೂ ಆ ಬೀದಿಗೆ ಹೋಗುವುದಿಲ್ಲ; ಒಂದು ಸ್ಟಾಂಪು ಬೇಕೆಂದರೂ ಗಂಡನನ್ನೇ ಕಳಿಸುತ್ತಾಳೆ.

ಅಲ್ಲಿಂದಾಚೆಗೆ ಅವಳದೊಂದು ಪದ್ಧತಿ. ಪೂರ್ತಿ ಎತ್ತರದ ಜೇಡಿಮಣ್ಣಿನ ಮೂರ್ತಿ ಮುಗಿದ ದಿನ, ಸುತ್ತ ಕಟ್ಟಿದ ಸಾರುವೆಯ ಹಲಗೆಗಳನ್ನೆಲ್ಲ ಬಿಚ್ಚಿಸಿ, ಮೂರ್ತಿಯ ಕಾಲಬುಡದಲ್ಲಿ ಗೋಣಿಚೀಲ ಹಾಸಿ ಅಂಗಾತ ಮಲಗುವುದು. ಗಂಟೆಗಟ್ಟಲೆ ಮೇಲೆ ನೋಡುತ್ತ ಮಲಗಿದ್ದು, ಆಮೇಲೆ ಎದ್ದು ತಲೆಗೆ ಇಷ್ಟು ಮಣ್ಣು, ಗಲ್ಲಕ್ಕೆ ಇಷ್ಟು ಎಂದು ಮೆತ್ತುವುದು. ಈ ವಿದ್ಯೆಯನ್ನು ಅವಳು ಯಾರಿಗೂ ಹೇಳಿಕೊಟ್ಟವಳಲ್ಲ. ಅದರಲ್ಲೂ ತನ್ನ ವಾರಗಿತ್ತಿಗೆ.

ವಾರಗಿತ್ತಿಯೆಂದರೆ ಮೈದುನನ ಹೆಂಡತಿ. ಮನೆಯಲ್ಲಿ ಅವಳಿಗೆ ಚಿಕ್ಕವಳು ಎಂದೇ ಹೆಸರು. ಮದುವೆಗೆ ಮೊದಲು ಬೇಕರಿಯಲ್ಲಿ ಕೇಕಿನ ಮೇಲೆ ಸಕ್ಕರೆಯ ಗುಲಾಬಿ ಮಾಡುತ್ತಿದ್ದಳು. ಮಣ್ಣು ಕಲಸಲು ಒಂದು ಕೈ ಬೇಕೆಂದು ಕುದುರೆಯಕ್ಕನೇ ಅವಳನ್ನು ಷೆಡ್ಡಿಗೆ ಕರೆದುಕೊಂಡಳು. ಹಾಗೆ ನೋಡಿದರೆ ಎಲ್ಲ ತಾನೇ ಮಾಡಿಕೊಂಡದ್ದು! ತಿಂಗಳು ತುಂಬಿರಲಿಲ್ಲ, ಗ್ರಂಥಾಲಯದ ಮುದುಕನ ಕಿವಿ ಮೂರು ದಿನದಿಂದ ಕೂಡಿಬರದೆ ಕುದುರೆಯಕ್ಕ ಹಲ್ಲು ಕಡಿಯುತ್ತಿದ್ದಾಗ, ಈ ಹುಡುಗಿ ತನ್ನ ತಲೆಯಿಂದ ಒಂದು ಹೇರ್‌ಪಿನ್ ಕಿತ್ತು, "ಅಕ್ಕ, ಹೀಗೆ ಮಾಡಿದ್ರೆ?" ಎಂದು ಎರಡು ಗೀರು ಎಳೆದಳು. ಕಿವಿಗೆ ಜೀವ ಬಂತು. ನೋಡಲು ಬಂದವರೆಲ್ಲ ಆ ಕಿವಿಯನ್ನೇ ಹೊಗಳಿ ಹೋದರು. ಮುದುಕನ ಮಂಡಿ, ಅವನ ಬಾಗಿದ ಬೆನ್ನು, ಅವನ ಪುಸ್ತಕ, ಯಾವುದೂ ಬೇಡ, ಕಿವಿಯಂತೆ ಕಿವಿ! ಅವತ್ತು ಕುದುರೆಯಕ್ಕನ ಹೊಟ್ಟೆಗೆ ಬಿದ್ದ ಕಿಡಿ ಆರಲೇ ಇಲ್ಲ.

ಅದಕ್ಕೇ, ಮಲಗಿ ನೋಡುವ ದಿನ ಬಂದರೆ ಚಿಕ್ಕವಳಿಗೆ ಹೊರಗೆ ಏನಾದರೊಂದು ಕೆಲಸ ಹುಟ್ಟಿಕೊಳ್ಳುತ್ತಿತ್ತು. "ಮೊಳೆ ಮುಗಿದಿದೆ, ಪೇಟೆಗೆ ಹೋಗಿ ತಗೊಂಡ್ ಬಾ." "ಇವತ್ತು ನೀನೇನೂ ಮಾಡೋದ್ ಬೇಡ, ಮನೇಲಿ ಅತ್ತೆಗೆ ಔಷಧಿ ಕೊಟ್ಟು ಅಲ್ಲೇ ಇರು." ಹನ್ನೊಂದು ವರ್ಷ ಹೀಗೇ ನಡೆಯಿತು. ತಲೆಗೆ ಕೊನೆಯ ಕೈ ಹಾಕುವುದು ಅಕ್ಕನ ಹಕ್ಕು ಎಂದುಕೊಂಡು ಚಿಕ್ಕವಳು ಗೌರವದಿಂದಲೇ ದೂರವಿದ್ದಳು. ಒಂದು ದಿನವೂ ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಒಂದು ಜಗಳವಾದರೂ ಆಗುತ್ತಿತ್ತಲ್ಲ ಎಂದು ಕುದುರೆಯಕ್ಕನಿಗೆ ಅದಕ್ಕೂ ಸಿಟ್ಟು.

ಹೀಗಿರುವಾಗ ದೊಡ್ಡಾಸ್ಪತ್ರೆಯ ಮುಂದಿನ ಸರ್ಕಲ್ಲಿನಲ್ಲಿ ನರ್ಸೊಬ್ಬಳ ಮೂರ್ತಿ ನಿಲ್ಲಿಸಬೇಕೆಂದು ಊರಿನ ಸಮಿತಿ ತೀರ್ಮಾನಿಸಿತು. ಇಪ್ಪತ್ತೈದು ಅಡಿ. ನಿಯಮದ ಪ್ರಕಾರ ಎರಡು ಮಾದರಿಯಾದರೂ ಬರಬೇಕು. ಊರಿನಲ್ಲಿ ಎರಡನೆಯವರು ಯಾರಿದ್ದಾರೆ? "ನೀನೂ ಒಂದು ಮಾಡಿಡು, ಲೆಕ್ಕಕ್ಕೆ ಎರಡಾಗುತ್ತೆ," ಎಂದು ಕುದುರೆಯಕ್ಕ ನಗುತ್ತ ಹೇಳಿದಳು. ಚಿಕ್ಕವಳು ಮಾಡಿಟ್ಟಳು. ಕುದುರೆಯಕ್ಕನ ನರ್ಸು ದೀಪ ಹಿಡಿದು ಎದೆಯೆತ್ತಿ ನಿಂತಿದ್ದಳು. ಚಿಕ್ಕವಳ ನರ್ಸು ಡ್ಯೂಟಿ ಮುಗಿಸಿ, ಒಂದು ಚಪ್ಪಲಿ ಬಿಚ್ಚಿ, ಗೋಡೆಗೆ ಕೈಕೊಟ್ಟು ಹಿಮ್ಮಡಿ ಒತ್ತಿಕೊಳ್ಳುತ್ತಿದ್ದಳು, ಅಷ್ಟೇ. ಸಮಿತಿಯ ಅಧ್ಯಕ್ಷೆ ಒಂದು ಕಾಲದಲ್ಲಿ ನರ್ಸಾಗಿದ್ದವಳು. ಅದನ್ನು ನೋಡಿ ಕಣ್ಣೊರೆಸಿಕೊಂಡಳು. ಮುಗಿಯಿತಲ್ಲ, ಕೆಲಸ ಚಿಕ್ಕವಳ ಪಾಲಾಯಿತು!

ಕುದುರೆಯಕ್ಕ ಸಂತೋಷದ ಮುಖ ಮಾಡಿಕೊಂಡು ಮನೆಗೆ ಬಂದು, ಕೋಣೆಯ ಬಾಗಿಲು ಹಾಕಿ, ದಿಂಬಿಗೆ ನಾಲ್ಕು ಗುದ್ದಿದಳು.

"ನಿನ್ನೆ ಮೊನ್ನೆ ಬಂದೋಳು ಕಣ್ರೀ! ಕೇಕಿನ ಮೇಲೆ ಹೂವು ಬಿಡಿಸ್ಕೊಂಡಿದ್ದೋಳು!"

"ಹನ್ನೊಂದು ವರ್ಷ ಆಯ್ತು ಅವಳು ಬಂದು," ಎಂದ ಕ್ರೇನಿನ ಗಂಡ.

"ನೀವು ಯಾರ ಕಡೆ?"

"ನಾನು ಎತ್ತಿ ನಿಲ್ಸೋನು. ನಿನ್ನದಾದ್ರೇನು, ಅವಳದಾದ್ರೇನು, ತೂಕ ತೂಕವೇ."

ಗಾಯಕ್ಕೆ ಉಪ್ಪು ಸವರಲು ಕಟ್ಟಿಕೊಂಡವನೇ ಬೇಕು. ಅವಳಿಗೆ ಉರಿದದ್ದು ಕೆಲಸ ಕೈತಪ್ಪಿದ್ದಕ್ಕಲ್ಲ. ಆ ಒಂಟಿ ಚಪ್ಪಲಿ! ಮೂವತ್ತೆರಡು ವರ್ಷದಲ್ಲಿ ಅಂಥದ್ದೊಂದು ತನಗೆ ಯಾಕೆ ಹೊಳೆಯಲಿಲ್ಲ? ಊಟಕ್ಕೆ ಕೂತರೂ ಅದೇ, ಮಲಗಿದರೂ ಅದೇ. ಆ ಮಾದರಿ ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತು ಎಂಬುದು ಸಮಿತಿಗಿಂತ ಅವಳಿಗೇ ಹೆಚ್ಚು ಗೊತ್ತಿತ್ತು. ಅಷ್ಟು ಚೆನ್ನಾಗಿ ಹೊಟ್ಟೆ ಉರಿದುಕೊಳ್ಳುವುದಕ್ಕೂ ವಿದ್ಯೆ ಬೇಕು.

ಷೆಡ್ಡು ಇದ್ದದ್ದು ಒಂದೇ. ನಡುವೆ ಟಾರ್ಪಾಲು ಕಟ್ಟಿ, ಆ ಕಡೆ ಚಿಕ್ಕವಳು ಕಬ್ಬಿಣದ ಪೈಪುಗಳ ಅಸ್ಥಿಪಂಜರ ನಿಲ್ಲಿಸಿ, ಅದಕ್ಕೆ ಜಾಲರಿ ಸುತ್ತಿ, ಬಕೆಟ್ಟು ಬಕೆಟ್ಟು ಮಣ್ಣು ಮೆತ್ತಿಸುತ್ತಿದ್ದಳು. ಈ ಕಡೆ ಕುದುರೆಯಕ್ಕ ತನ್ನ ಹಳೆಯ ಕುದುರೆಯ ಮುರಿದ ಬಾಲಕ್ಕೆ ಹೊಸ ಅಚ್ಚು ಮಾಡುತ್ತಿದ್ದಳು. ಅವಳಿಗೆ ದಕ್ಕಿದ್ದು ಬಾಲ, ನೋಡಿ. ಆ ಕಡೆ ನಗು ಕೇಳಿದರೆ ಇವಳ ಕೈ ನಿಲ್ಲುತ್ತಿತ್ತು. ಟಾರ್ಪಾಲಿನಲ್ಲಿ ಒಂದು ತೂತಿತ್ತು. ಮೊದಲು ಅದು ಮೊಳೆಯಷ್ಟಿತ್ತು, ತಿಂಗಳು ಕಳೆಯುವುದರಲ್ಲಿ ಹೇಗೋ ಅಂಗೈಯಗಲ ಆಯಿತು.

ಚಿಕ್ಕವಳು ಇಷ್ಟೆತ್ತರದ ಮೂರ್ತಿಯನ್ನು ಒಬ್ಬಳೇ ಮಾಡಿದವಳಲ್ಲವಲ್ಲ, ಅದಕ್ಕೆ ಸಮಿತಿ ಒಂದು ಷರತ್ತು ಹಾಕಿತ್ತು: ಕಂಚಿನ ಎರಕಕ್ಕೆ ಕೊಡುವ ಮೊದಲು ಮಣ್ಣಿನ ಮೂರ್ತಿಯನ್ನು ಕುದುರೆಯಕ್ಕ ನೋಡಿ, ಸರಿಯಿದೆ ಎಂದು ಸಹಿ ಹಾಕಬೇಕು. ಐದು ತಿಂಗಳಿಗೆ ಆ ದಿನ ಬಂತು. ಸಾರುವೆ ಇನ್ನೂ ಬಿಚ್ಚಿರಲಿಲ್ಲ. ಇಬ್ಬರೂ ಹತ್ತಿಹೋಗಿ ನರ್ಸಮ್ಮನಿಗೆ ಮುಖಾಮುಖಿ ನಿಂತರು. ಅಲ್ಲಿಂದ ನೋಡಿದರೆ ಏನು ಮುಖ, ಏನು ದಣಿವು! ಇಳಿದ ಮೇಲೆ ಏಣಿಯ ಬುಡದಲ್ಲಿ ನಿಂತು ಕುದುರೆಯಕ್ಕ ಹಲಗೆಗಳ ಸಂದಿನಿಂದ ಒಮ್ಮೆ ಮೇಲೆ ನೋಡಿದಳು. ಗೋಣಿಚೀಲ ಹಾಸುವ ಅಗತ್ಯವೇ ಇರಲಿಲ್ಲ. ಬಟಾಣಿ.

"ಏನಾದ್ರೂ ತಪ್ಪಿದ್ರೆ ಹೇಳಿ ಅಕ್ಕ," ಎಂದಳು ಚಿಕ್ಕವಳು. ಅವಳ ಮೂಗಿನ ಮೇಲೆ ಮಣ್ಣಿತ್ತು. "ಬೈದ್ರೂ ಪರ್ವಾಗಿಲ್ಲ. ನಿಮಗೆ ಸರಿ ಅನ್ಸೋವರೆಗೂ ನಾನು ಎರಕಕ್ಕೆ ಕೊಡಲ್ಲ."

ಹೇಳಬೇಕಾದ ಮಾತು ನಾಲಗೆಯ ತುದಿಗೆ ಬಂದಿತ್ತು. ಆಗಲೇ ಎದುರಿಗೆ ಆ ಬಿಚ್ಚಿಟ್ಟ ಚಪ್ಪಲಿ ಕಂಡಿತು. ನಾಲ್ಕಡಿ ಉದ್ದದ್ದು, ಹಿಮ್ಮಡಿಯ ಕಡೆ ಒಂದು ಪಕ್ಕ ಸವೆದಿತ್ತು. ಸವೆದದ್ದನ್ನೂ ಮಾಡಿದ್ದಾಳಲ್ಲ ಇವಳು! ನಾನು ಊರಿನವರ ಕೈಲಿ ನಗಿಸಿಕೊಂಡು ಕಲಿತೆ, ಇವಳಿಗೇನು ತುತ್ತು ಮಾಡಿ ಬಾಯಿಗಿಡಬೇಕೆ?

"ಎಲ್ಲ ಸರಿಯಾಗಿದೆ," ಎಂದಳು ಕುದುರೆಯಕ್ಕ. ಸಮಿತಿಯ ಗುಮಾಸ್ತ ಕಾಗದ ಚಾಚಿದ. ಸಹಿ ಹಾಕಿದಳು. ಚಿಕ್ಕವಳು ಮಣ್ಣುಗೈಯಲ್ಲೇ ಅವಳನ್ನು ತಬ್ಬಿಕೊಂಡಳು.

ಅವತ್ತಿನಿಂದ ಕುದುರೆಯಕ್ಕನ ಕೈಕಾಲು ಅವಳ ಮಾತು ಕೇಳಲಿಲ್ಲ. ಕಪ್ಪಿಗೆ ಬಗ್ಗಿಸಿದ ಟೀ ಮೇಜಿಗೆ ಬೀಳುವುದು. ದಿನಾ ಹತ್ತಿಳಿಯುವ ಮೆಟ್ಟಿಲಿನಲ್ಲೇ ಎಡವುವುದು. ಚಿಕ್ಕವಳು ಎದುರಿಗೆ ಬಂದರೆ ಕಣ್ಣು ಕಿರಿದು ಮಾಡಿ ಬೇರೆಲ್ಲೋ ನೋಡುವುದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಎನ್ನದೆಯೇ ಅವಳು ಹೆಗಲು ಒರೆಸಿಕೊಳ್ಳುತ್ತಿದ್ದಳು. ಹೇಳಿಬಿಡುತ್ತೇನೆ ಎಂದು ಎರಡು ಸಲ ಎರಕದ ಕಾರ್ಖಾನೆಯ ಗೇಟಿನವರೆಗೂ ಹೋದಳು. ಎರಡು ಸಲವೂ ಒಳಗೆ ಯಾರೋ ಆ ಚಪ್ಪಲಿಯನ್ನು ಹೊಗಳುತ್ತಿದ್ದದ್ದು ಕಿವಿಗೆ ಬಿತ್ತು. ತಿರುಗಿ ಬಂದಳು.

ತುಂಡು ತುಂಡಾಗಿ ಎರಕವಾಗಿ ಬಂದ ಮೂರ್ತಿಯನ್ನು ಸಾರುವೆಯ ಮರೆಯಲ್ಲೇ ಜೋಡಿಸಿ ಬಟ್ಟೆ ಮುಚ್ಚಿದ್ದರು. ಅನಾವರಣದ ದಿನ ಇಡೀ ಊರು ಸರ್ಕಲ್ಲಿನಲ್ಲಿ ಸೇರಿತ್ತು. ಬಟ್ಟೆ ಜಾರಿತು. ಚಪ್ಪಲಿ, ಕಾಲು, ಸೊಂಟ ಎಂದು ಮೇಲೇರುತ್ತ ಹೋದ ಕಣ್ಣುಗಳು ತಲೆಗೆ ತಲುಪಿ ತಬ್ಬಿಬ್ಬಾದವು. ಯಾರೋ ಕಿಸಕ್ಕೆಂದರು. "ಪೋಸ್ಟ್‌ಮ್ಯಾನ್‌ಗೆ ಹೆಂಡ್ತಿ ಸಿಕ್ಕಿದ್ಲು ಬಿಡ್ರಪ್ಪಾ!" ಅಷ್ಟು ಸಾಕಾಯಿತು, ನಗು ಸರ್ಕಲ್ಲಿನ ಸುತ್ತ ಹರಡಿತು. ಚಿಕ್ಕವಳು ಬಿಳಿಚಿದ ಮುಖದಲ್ಲಿ ಮೇಲೆ ನೋಡುತ್ತಲೇ ನಿಂತಿದ್ದಳು. ಒಂದು ಕಾಲದಲ್ಲಿ ತಾನೂ ಅಂಚೆ ಕಚೇರಿಯ ಮುಂದೆ ಹಾಗೇ ನಿಂತಿದ್ದೆ ಎಂದು ಕುದುರೆಯಕ್ಕನಿಗೆ ಗೊತ್ತಿತ್ತು. ಆದರೂ ನಿಜ ಹೇಳಬೇಕೆಂದರೆ, ಮೊದಲ ಒಂದು ನಿಮಿಷ ಅವಳ ಹೊಟ್ಟೆ ತಣ್ಣಗಾಯಿತು. ಒಂದೇ ಒಂದು ನಿಮಿಷ.

ಮಾರನೆಯ ದಿನ ಸಮಿತಿ ಇಬ್ಬರನ್ನೂ ಕರೆಸಿತು. ಸಹಿಯ ಕಾಗದ ಮೇಜಿನ ಮೇಲಿತ್ತು. "ನೀವೇ ಅಲ್ವಾ ನೋಡಿ ಸರಿ ಇದೆ ಅಂದಿದ್ದು?" ಎಂದು ಅಧ್ಯಕ್ಷೆ ಕುದುರೆಯಕ್ಕನನ್ನು ಕೇಳಿದಳು. ಅವಳು ಬಾಯಿ ತೆರೆಯುವ ಮೊದಲೇ ಚಿಕ್ಕವಳು ಎದ್ದು ನಿಂತಳು.

"ಅಕ್ಕ ನೋಡಿದಾಗ ಸರಿಯಾಗೇ ಇತ್ತು ಮೇಡಂ. ಆಮೇಲೆ ನಾನೇ ತಲೆ ಕೆರೆದು ಚಿಕ್ಕದು ಮಾಡ್ದೆ. ತಪ್ಪೆಲ್ಲ ನಂದು. ಆ ತಲೆ ತೆಗೆದು ಹೊಸದು ಮಾಡ್ಕೊಡ್ತೀನಿ."

ಸುಳ್ಳು! ಹಸಿ ಸುಳ್ಳು! ಸಮಿತಿ ಎರಡು ತಿಂಗಳ ಗಡುವು ಕೊಟ್ಟಿತು. ಅದೂ ಕೆಟ್ಟರೆ ಈ ಊರಿನಲ್ಲಿ ಇನ್ನು ನಿನಗೆ ಕೆಲಸವಿಲ್ಲ ಎಂದು ಚಿಕ್ಕವಳಿಗೆ ಖಡಾಖಂಡಿತವಾಗಿ ಹೇಳಿತು.

ಹೊರಗೆ ಬಂದ ಮೇಲೆ ಚಿಕ್ಕವಳು ಮೆಲ್ಲಗೆ ಅವಳ ಮೊಳಕೈ ಹಿಡಿದುಕೊಂಡಳು.

"ಯಾಕೆ ಹಾಗೆ ಹೇಳ್ದೆ?" ಕುದುರೆಯಕ್ಕ ಕೇಳಿದಳು.

"ನಂಗೆಲ್ಲ ಗೊತ್ತಾಗಿದೆ ಅಕ್ಕ." ಕುದುರೆಯಕ್ಕ ಮೊಳಕೈ ಬಿಡಿಸಿಕೊಳ್ಳಹೋದಳು. "ಟೀ ಚೆಲ್ತೀರಾ, ಎಡವ್ತೀರಾ, ನನ್ನ ಮುಖ ನೋಡೋಕೂ ಕಣ್ಣು ಕಿರಿದು ಮಾಡ್ತೀರಾ. ಕಣ್ಣು ಮಂಜಾಗಿರೋದನ್ನ ಪಾಪ ಒಬ್ಬರೇ ನುಂಗ್ಕೊಂಡಿದ್ದೀರಾ. ಹೊರಗೆ ಗೊತ್ತಾದ್ರೆ ನಿಮಗೆ ಯಾರು ಕೆಲಸ ಕೊಡ್ತಾರೆ? ಗುರುವಾರಕ್ಕೆ ಕಣ್ಣಿನ ಡಾಕ್ಟ್ರ ಹತ್ರ ಹೆಸರು ಬರೆಸಿದ್ದೀನಿ. ನಾವಿಬ್ರೇ ಹೋಗ್ಬರೋಣ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಹೊಡೆದಿದ್ದರೂ ತಡೆದುಕೊಳ್ಳಬಹುದಿತ್ತು. ಕನಿಕರ! ಅದೂ ಇವಳಿಂದ!

ಗುರುವಾರ ಬೆಳಿಗ್ಗೆ ಕುದುರೆಯಕ್ಕ ಡಾಕ್ಟರ ಎತ್ತರದ ಕುರ್ಚಿಯಲ್ಲಿ ಕೂತಳು. ಎದುರು ಗೋಡೆಯಲ್ಲಿ ಅಕ್ಷರದ ಪಟ, ಪಕ್ಕದ ಸ್ಟೂಲಿನಲ್ಲಿ ಚಿಕ್ಕವಳು. ಕುದುರೆಯಕ್ಕ ದಾರಿಯುದ್ದಕ್ಕೂ ಯೋಚಿಸಿ ಒಂದು ಉಪಾಯ ಮಾಡಿಕೊಂಡಿದ್ದಳು: ಮೂರನೆಯ ಸಾಲಿಗೆ ತಡವರಿಸಿದರೆ ಸಾಕು. ಒಂದು ಕನ್ನಡಕ ಬರುತ್ತದೆ, ಮಾಡಿದ ಪಾಪ ಅದರ ಹಿಂದೆ ಮುಚ್ಚಿಹೋಗುತ್ತದೆ, ಜನ್ಮದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

"ಓದಿ," ಎಂದಳು ಡಾಕ್ಟರಮ್ಮ.

ಎರಡು ಸಾಲು ಓದಿದಳು. ಮೂರನೆಯದಕ್ಕೆ ತಡವರಿಸಿದಳು.

"ಪರ್ವಾಗಿಲ್ಲ ಅಕ್ಕ, ಕಂಡಷ್ಟು ಓದಿ," ಎಂದು ಚಿಕ್ಕವಳು ಅವಳ ಕೈ ಸವರಿದಳು. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ ದನಿ ತಗ್ಗಿಸಿದಳು. "ತುಂಬಾ ದುಡಿದಿರೋ ಕಣ್ಣು ಡಾಕ್ಟ್ರೇ. ಇನ್ಮೇಲೆ ದೊಡ್ಡ ಕೆಲಸ ಎಲ್ಲಾ ನಾನೇ ನೋಡ್ಕೋತೀನಿ. ಅಕ್ಕ ಆರಾಮಾಗಿ ಮನೇಲಿರ್ಲಿ."

ದೊಡ್ಡ ಕೆಲಸ ಎಲ್ಲಾ ಇವಳೇ! ಹನ್ನೊಂದು ವರ್ಷದ ಕಿಚ್ಚು ಒಮ್ಮೆಲೇ ನೆತ್ತಿಗೇರಿತು. ಕುದುರೆಯಕ್ಕ ಬೆನ್ನು ನೆಟ್ಟಗೆ ಮಾಡಿ ಮೂರನೆಯ ಸಾಲು ಓದಿದಳು. ನಾಲ್ಕನೆಯದು ಓದಿದಳು. ಐದು, ಆರು, ಏಳು. ಡಾಕ್ಟರಮ್ಮ ಒಂದು ಕಣ್ಣು ಮುಚ್ಚಿಸಿದಳು, ಆಮೇಲೆ ಇನ್ನೊಂದು. ಅವಳು ಎಲ್ಲೂ ನಿಲ್ಲಲಿಲ್ಲ. ಸಾಲುಗಳೆಲ್ಲ ಮುಗಿದ ಮೇಲೆ, ಪಟದ ಅಂಚಿನಲ್ಲಿ ಇರುವೆಯಷ್ಟು ಸಣ್ಣಗೆ ಅಚ್ಚಾಗಿದ್ದದ್ದನ್ನೂ ಗಟ್ಟಿಯಾಗಿ ಓದಿ ಹೇಳಿದಳು: "ಒದ್ದೆ ಬಟ್ಟೆಯಲ್ಲಿ ಒರೆಸಬಾರದು!"

"ಅಬ್ಬಬ್ಬಾ! ಈ ವಯಸ್ಸಲ್ಲಿ ಇಂಥ ಕಣ್ಣು ನಾನು ನೋಡೇ ಇಲ್ಲ," ಎಂದು ಡಾಕ್ಟರಮ್ಮ ನಕ್ಕಳು. "ಮಂಜು ಗಿಂಜು ಏನೂ ಇಲ್ಲ. ಇವರಿಗೆ ದೂರದ್ದು ಕಾಣ್ಲಿಲ್ಲ ಅನ್ನೋ ದಿನವೇ ಇದ್ದಿರಲ್ಲ."

ಗೆದ್ದೆ ಎಂದು ಕುದುರೆಯಕ್ಕ ಚಿಕ್ಕವಳ ಕಡೆ ತಿರುಗಿದಳು. ಏನು ಮಾಡಿಕೊಂಡೆ ಎಂಬುದು ಅವಳಿಗೆ ಅರಿವಾದದ್ದು ಆಗ. ಚಿಕ್ಕವಳ ಮುಖದಲ್ಲಿ ಇನ್ನೂ ನಗುವಿತ್ತು. ಅಕ್ಕನ ಕಣ್ಣಿಗೆ ಏನೂ ಆಗಿಲ್ಲವಲ್ಲ ಎಂಬ ಸಂತೋಷದ ನಗು. ಅದು ನಿಧಾನವಾಗಿ ಇಳಿಯಿತು. ಆಮೇಲೆ ಅಕ್ಕನ ಕೈ ಮೇಲಿದ್ದ ಅವಳ ಕೈಯೂ ಸರಿಯಿತು.

"ಹಾಗಾದ್ರೆ ಅವತ್ತು..."

"ಕಂಡಿತ್ತು," ಎಂದಳು ಕುದುರೆಯಕ್ಕ. "ಏಣಿ ಇಳಿದ ತಕ್ಷಣ ಕಂಡಿತ್ತು. ಹೊಟ್ಟೆಕಿಚ್ಚಿಗೆ ಹೇಳ್ಲಿಲ್ಲ."

ಡಾಕ್ಟರಮ್ಮ ಇಬ್ಬರ ಮುಖವನ್ನೂ ನೋಡಿ, ಏನೋ ಕೆಲಸ ನೆನಪಾದವಳ ಹಾಗೆ ಹೊರಗೆ ಹೋದಳು. ಚಿಕ್ಕವಳು ಅಳಲಿಲ್ಲ, ಕೂಗಾಡಲಿಲ್ಲ. ಚೀಲದಿಂದ ಪೆನ್ನು ತೆಗೆದು, ಡಾಕ್ಟರ ಚೀಟಿಯನ್ನು ಮಗುಚಿ ಮಂಡಿಯ ಮೇಲಿಟ್ಟುಕೊಂಡಳು.

"ತಲೆ ಎಷ್ಟು ದೊಡ್ಡದು ಮಾಡ್ಬೇಕು?"

ಮನೆಗೆ ಬಂದಾಗಿನಿಂದ ಮೊದಲ ಸಲ ಅವಳ ಮಾತಿನಲ್ಲಿ 'ಅಕ್ಕ' ಇರಲಿಲ್ಲ.

"ಈಗಿರೋದಕ್ಕೆ ಆರರಲ್ಲೊಂದು ಪಾಲು ಜಾಸ್ತಿ," ಎಂದಳು ಕುದುರೆಯಕ್ಕ. "ಕತ್ತು ಒಂದು ಗೇಣು ಮುಂದಕ್ಕೆ. ಗಲ್ಲ ಸ್ವಲ್ಪ ತಗ್ಗಿಸು. ಎಷ್ಟು ಸಾಕು ಅನ್ನೋದು ನಿಂತು ನೋಡಿದ್ರೆ ಗೊತ್ತಾಗಲ್ಲ. ಸಾರುವೆ ಬಿಚ್ಚಿಸಿ, ಕಾಲಬುಡದಲ್ಲಿ ಅಂಗಾತ ಮಲ್ಗಿ ನೋಡ್ಬೇಕು."

ಚಿಕ್ಕವಳು ಒಂದೊಂದನ್ನೂ ಬರೆದುಕೊಂಡಳು. ಚೀಟಿ ಮಡಿಸಿ ಚೀಲದಲ್ಲಿಟ್ಟು, ಎದ್ದು, ಬಾಗಿಲು ಎಳೆದುಕೊಂಡು ಹೋದಳು. ಅವಳು ಮೆಟ್ಟಿಲಿಳಿಯುವ ಸದ್ದು ಕೆಳಗಿನವರೆಗೂ ಕೇಳಿಸಿತು. ಕುದುರೆಯಕ್ಕ ಆ ಎತ್ತರದ ಕುರ್ಚಿಯಲ್ಲೇ ಕೂತಿದ್ದಳು.